ಬಟನ್ ಉಳಿದಿದ್ದರೂ ಟೈರು ಬದಲಿಸುವುದೇಕೆ

ಕಡಿಮೆ ಓಡುವ ಕಾರಿನ ಟೈರು ಸವೆಯುವ ಮೊದಲೇ ಹಳೆಯದಾಗುತ್ತದೆ. ನನ್ನ ಕಾರೂ ಹೆಚ್ಚು ಓಡುವುದಿಲ್ಲ. ಆದ್ದರಿಂದ ಬಟನ್ (ರಸ್ತೆಗೆ ತಾಗುವ ಟ್ರೆಡ್ ಭಾಗದ ರಬ್ಬರು) ಎಷ್ಟಿದೆ ಎನ್ನುವುದಕ್ಕಿಂತ ಮೊದಲು ಟೈರು ತಯಾರಾದದ್ದು ಯಾವಾಗ ಎಂದು ನೋಡುತ್ತೇನೆ.

ಟೈರಿನ ಪಕ್ಕದಲ್ಲಿ ‘ಡಿಒಟಿ’ (DOT) ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳೇ ತಯಾರಿಕೆಯ ವಾರ ಮತ್ತು ವರ್ಷ. 2319 ಎಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನ ಟೈರು. ಎಷ್ಟೋ ಟೈರುಗಳಲ್ಲಿ ಈ ಅಂಕಿಗಳು ಒಂದೇ ಬದಿಗೆ ಇರುತ್ತವೆ. ಅದು ಒಳಬದಿಯಾಗಿಬಿಟ್ಟರೆ ಹೊರಗೆ ಅರ್ಧ ಸಾಲು ಮಾತ್ರ ಕಾಣುತ್ತದೆ. ಮುಂದಿನ ಚಕ್ರಗಳಿಗೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಇಣುಕುತ್ತೇನೆ. ಹಿಂದಿನವಕ್ಕೆ ಮೊಬೈಲನ್ನು ಒಳಗೆ ಹಿಡಿದು ಫೋಟೊ ತೆಗೆಯುವುದು ಸುಲಭ. ನಾಲ್ಕೂ ಚಕ್ರ, ಸ್ಟೆಪ್ನಿ ಎಲ್ಲದರ ತಾರೀಕು ಬೇರೆಬೇರೆ ಇರಬಹುದು, ಒಂದನ್ನು ನೋಡಿ ಸುಮ್ಮನಾಗಬಾರದು.

ಹಳೆಯದಾಗುವುದು ಎರಡು ಕಡೆಯಿಂದ. ಹೊರಗೆ ಬಿಸಿಲು ಮತ್ತು ಓಝೋನ್ ರಬ್ಬರನ್ನು ಬಿರುಕುಗೊಳಿಸುತ್ತವೆ. ಅದನ್ನು ತಡೆಯಲು ಬೆರೆಸಿದ ಮೇಣ ಮತ್ತು ರಾಸಾಯನಿಕಗಳು ಟೈರು ಉರುಳಿ ಬಾಗಿದಾಗ ಚೆನ್ನಾಗಿ ಮೇಲ್ಮೈಗೆ ಬರುತ್ತವೆ, ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಹಾಗಾಗುವುದಿಲ್ಲ. ಒಳಗಿನ ಹಾನಿ ಇದಕ್ಕಿಂತ ಅಪಾಯಕಾರಿ. ತುಂಬಿದ ಗಾಳಿಯ ಆಮ್ಲಜನಕ ಒಳಪದರವನ್ನು ನಿಧಾನವಾಗಿ ದಾಟಿ, ಟ್ರೆಡ್ಡಿನ ಕೆಳಗಿರುವ ಉಕ್ಕಿನ ತಂತಿಯ ಪದರಗಳ, ಅಂದರೆ ಬೆಲ್ಟುಗಳ, ನಡುವಿನ ರಬ್ಬರನ್ನು ಗಡಸು ಮಾಡುತ್ತದೆ. ಬೆಲ್ಟಿನ ಅಂಚಿನಲ್ಲಿ ಸೀಳು ಬಿಟ್ಟು, ಒಂದು ದಿನ ವೇಗದಲ್ಲಿ, ಬಿಸಿಯಲ್ಲಿ ಟ್ರೆಡ್ ಪೂರ್ತಿ ಕಿತ್ತು ಬರುತ್ತದೆ. ಹೊರಗೆ ಒಂದು ಬಿರುಕೂ ಇಲ್ಲದಿದ್ದರೂ ಇದು ಆಗಬಹುದು. ಕಣ್ಣಿಗೆ ಚೆನ್ನಾಗಿ ಕಂಡಿತೆಂದು ಹಳೆಯ ಟೈರನ್ನು ನಾನು ನಂಬದಿರುವುದು ಇದಕ್ಕೇ. ಬಿಸಿ ಮತ್ತು ಕಡಿಮೆ ಗಾಳಿ ಎರಡೂ ಸೇರಿದರೆ ಇದೆಲ್ಲ ಇನ್ನೂ ಬೇಗ.

ಪರೀಕ್ಷೆಗೆ ಮೊದಲು ಟೈರನ್ನು ಸೋಪು ನೀರಿನಲ್ಲಿ ತೊಳೆಯುತ್ತೇನೆ. ಪಾಲಿಶ್ ಹಚ್ಚಿದ ಟೈರಿನಲ್ಲಿ ಸಣ್ಣ ಬಿರುಕು ಕಾಣದು. ಪಕ್ಕದ ಬಾಗುವ ಜಾಗ, ರಿಮ್ಮಿನ ಅಂಚು, ಟ್ರೆಡ್ಡಿನ ಸಂದುಗಳ ತಳ, ಈ ಮೂರನ್ನೂ ಟಾರ್ಚು ಹಿಡಿದು ನೋಡಬೇಕು. ಬಹಳ ಜನ ಸಂದಿನ ತಳ ನೋಡುವುದೇ ಇಲ್ಲ. ಉಗುರು ಸಿಕ್ಕುವಷ್ಟು ಬಿರುಕಿದ್ದರೆ ಆ ಟೈರು ನನ್ನ ಮಟ್ಟಿಗೆ ಮುಗಿಯಿತು. ಉಬ್ಬು ಬಂದಿದ್ದರೆ, ಒಳಗಿನ ದಾರ ಕಂಡರೆ ಕಾರು ಓಡಿಸಲೇಬಾರದು. ಬ್ಯಾಲೆನ್ಸಿಂಗ್ ಮಾಡಿಸಿದ ಮೇಲೂ ನಡುಕ ಹೋಗದಿದ್ದರೆ ಬೆಲ್ಟು ಬಿಟ್ಟಿರಬಹುದೆಂದು ಅನುಮಾನಿಸಬೇಕು.

ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ. ಹಲವು ಕಾರು ತಯಾರಕರು 6 ವರ್ಷಕ್ಕೆ ಬದಲಿಸಿ ಎನ್ನುತ್ತಾರೆ. ಟೈರು ತಯಾರಕರಲ್ಲಿ ಹಲವರು ತಯಾರಾದ ದಿನದಿಂದ 10 ವರ್ಷವನ್ನು ಕಟ್ಟಕಡೆಯ ಮಿತಿಯಾಗಿಟ್ಟಿದ್ದಾರೆ. ಬಿಸಿಲಲ್ಲೇ ನಿಲ್ಲುವ ಕಾರಿಗೆ ನಾನು 6 ವರ್ಷ ದಾಟಿಸುವುದಿಲ್ಲ. ಬಟನ್ 1.6 ಮಿ.ಮೀ.ಗೆ ಇಳಿದು ಸಂದಿನೊಳಗಿನ ಸವೆತದ ಗುರುತುಪಟ್ಟಿಗೆ ಸಮವಾದರೆ ವಯಸ್ಸು ನೋಡುವ ಮಾತೇ ಇಲ್ಲ, ಬದಲಿಸಲೇಬೇಕು. ಮಳೆಯಲ್ಲಿ ಓಡಿಸುವವರು 3 ಮಿ.ಮೀ.ಗೇ ಬದಲಿಸುವುದು ಒಳ್ಳೆಯದು. ಗಡಸಾದ ರಬ್ಬರಿಗೆ ಒದ್ದೆ ರಸ್ತೆಯಲ್ಲಿ ಹಿಡಿತ ಮೊದಲೇ ಕಡಿಮೆ.

ಹೊಸದನ್ನು ರಿಮ್ಮಿಗೆ ಏರಿಸುವ ಮೊದಲೇ ತಾರೀಕು ಓದಿ, ಏರಿಸಿದ ಮೇಲೆ ವಾಪಸು ಕೊಡುವುದು ಕಷ್ಟ. ಎರಡೇ ಹಾಕಿಸುವುದಾದರೆ ಹೊಸವು ಹಿಂದಕ್ಕೆ: ಹಿಂದಿನ ಚಕ್ರ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ, ಅದನ್ನು ಸರಿಪಡಿಸುವುದು ಮುಂದಿನದು ಜಾರಿದ್ದಕ್ಕಿಂತ ಕಷ್ಟ. ರಬ್ಬರ್ ವಾಲ್ವುಗಳನ್ನೂ ಜೊತೆಗೇ ಬದಲಾಯಿಸಿ. ನೂರು ಕಿಲೋಮೀಟರಿನೊಳಗೆ ನಟ್ಟುಗಳ ಬಿಗಿ ಮತ್ತೊಮ್ಮೆ ನೋಡಿ.

ಸ್ಟೆಪ್ನಿಗೂ ಇದೇ ಲೆಕ್ಕ. ಒಮ್ಮೆಯೂ ರಸ್ತೆ ಮುಟ್ಟದೆ ಬಟನ್ ಹೊಸದರಂತಿದ್ದರೂ, ಹತ್ತು ವರ್ಷವಾಗಿದ್ದರೆ ತೆಗೆದುಹಾಕಿ.