ಮ್ಯಾನ್ಲಿಯ ನೊರೆಯಲ್ಲಿ ನನ್ನ ಸರ್ಫಿಂಗ್ ಪಾಠ

ಸಿಡ್ನಿಯಲ್ಲಿ ನಮ್ಮವರು ಬೀಚಿಗೆ ಹೋಗೋದು ಅಂದ್ರೆ ಪುಳಿಯೋಗರೆ ಡಬ್ಬಿ, ಚಾಪೆ, ಮೊಣಕಾಲುದ್ದ ನೀರು. ನಾನೂ ಕೆಲವು ವರ್ಷ ಹಾಗೇ ಮಾಡಿದೆ. ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಅಲೆಯ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಸುಮ್ನೆ ಕೇಳಿಸಿಕೊಂಡು ಕೂರೋದು ಎಷ್ಟು ದಿನ? ನಲವತ್ತು ಹತ್ತಿರ ಬರುತ್ತಿದ್ದಾಗ, ಬೋರ್ಡಿನ ಮೇಲೆ ನಿಂತು ಅಲೆಯ ಜೊತೆ ಜಾರುವ ಈ ಸರ್ಫಿಂಗನ್ನು ಒಂದು ಕೈ ನೋಡೇಬಿಡೋಣ ಅಂತ ಹೊರಟೆ.

ಮೊದಲ ವಿಷಯ, ಈಜು ಬರಲೇಬೇಕು. ನನಗೆ ಬರುತ್ತಿತ್ತು, ಆದರೆ ಬಾವಿಯ ಈಜು. ಹಾಸನದ ಕಡೆ ಅಜ್ಜನ ತೋಟದಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಕಲಿತದ್ದು. ಬಾವಿಯಲ್ಲಿ ನೀರು ನಿಂತಿರುತ್ತದೆ, ನಾಲ್ಕು ಸಲ ಕೈ ಬೀಸಿದರೆ ಕಲ್ಲು ಸಿಗುತ್ತದೆ. ಸಮುದ್ರಕ್ಕೆ ಅದು ಸಾಲದು. ಹಾಗಾಗಿ ಚಳಿಗಾಲವಿಡೀ ಕೌನ್ಸಿಲ್ ಈಜುಕೊಳಕ್ಕೆ ಹೋಗಿ ನಿಲ್ಲದೆ ಈಜುವ ಅಭ್ಯಾಸ ಮಾಡಿಕೊಂಡೆ. ಬಾವಿಯ ಈಜೂ ಪೂರ್ತಿ ವ್ಯರ್ಥವಾಗಲಿಲ್ಲ. ಬೋರ್ಡಿನ ಮೇಲೆ ಬೋರಲು ಮಲಗಿ ಕೈಯಿಂದ ನೀರು ತಳ್ಳುವಾಗ ತಲೆ ಎತ್ತಿಯೇ ಇರಬೇಕು. ನಾವು ಬಾವಿಯಲ್ಲಿ ಈಜಿದ್ದೇ ಹಾಗೆ, ಅಲ್ವಾ?

ಜಾಗ ಆರಿಸುವುದು ಕಷ್ಟವಾಗಲಿಲ್ಲ. ಸಿಡ್ನಿ ನಗರದ ಸರ್ಕ್ಯುಲರ್ ಕೀ ದೋಣಿಕಟ್ಟೆಯಿಂದ ಫೆರಿ ಹತ್ತಿದರೆ ಅರ್ಧ ಗಂಟೆಯಲ್ಲಿ ಮ್ಯಾನ್ಲಿ. ಇಳಿದು ಕೊರ್ಸೊ ರಸ್ತೆಯಲ್ಲಿ ನಡೆದರೆ ಎದುರಿಗೇ ಪೆಸಿಫಿಕ್ ಸಾಗರ. ಸರ್ಫಿಂಗ್‌ನ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಇದೇ ಬೀಚಿನಲ್ಲಿ, 1964ರಲ್ಲಿ. ಗೆದ್ದವರು ಸಿಡ್ನಿಯವರೇ ಆದ ಮಿಜೆಟ್ ಫ್ಯಾರೆಲಿ. ಉತ್ತರಕ್ಕೆ ಸ್ವಲ್ಪ ನಡೆದರೆ ಫ್ರೆಶ್‌ವಾಟರ್ ಬೀಚ್. 1914-15ರ ಬೇಸಿಗೆಯಲ್ಲಿ ಹವಾಯಿಯ ಈಜುಗಾರ ಡ್ಯೂಕ್ ಕಹನಮೋಕು ಅಲ್ಲಿ ಅಲೆಯ ಮೇಲೆ ನಿಂತು ತೋರಿಸಿದ. ಬೋರ್ಡನ್ನು ಸಿಡ್ನಿಯಲ್ಲೇ ಸಿಕ್ಕ ಮರದಿಂದ ತಾನೇ ಮಾಡಿಕೊಂಡಿದ್ದ. ಇಸಬೆಲ್ ಲೆಥಮ್ ಎಂಬ ಹದಿನೈದು ವರ್ಷದ ಊರ ಹುಡುಗಿಯನ್ನೂ ಅದರ ಮೇಲೆ ನಿಲ್ಲಿಸಿಕೊಂಡು ಬಂದನಂತೆ. ಆ ಬೋರ್ಡು ಇವತ್ತಿಗೂ ಫ್ರೆಶ್‌ವಾಟರ್‌ನ ಲೈಫ್ ಸೇವಿಂಗ್ ಕ್ಲಬ್ಬಿನಲ್ಲಿದೆ.

ಪಾಠ ಶುರುವಾದದ್ದು ಮರಳಿನ ಮೇಲೆ. ಮೊದಲು ಯಾವ ಕಾಲು ಮುಂದೆ ಅಂತ ನೋಡುತ್ತಾರೆ. ಹಿಂದಿನಿಂದ ಮೆಲ್ಲಗೆ ತಳ್ಳಿದಾಗ ಯಾವ ಕಾಲು ತಾನಾಗಿ ಮುಂದೆ ಬರುತ್ತದೋ ಅದೇ ಮುಂಗಾಲು. ನನ್ನದು ಬಲಗಾಲು. ಇವರ ಭಾಷೆಯಲ್ಲಿ ನಾನು ಗೂಫಿ. ಹಿಂಗಾಲಿನ ಕಣಕಾಲಿಗೆ ಲೀಶ್ ಎಂಬ ಹಗ್ಗ ಕಟ್ಟಿಕೊಂಡರೆ ಬಿದ್ದಾಗ ಬೋರ್ಡು ತೇಲಿ ಹೋಗುವುದಿಲ್ಲ, ಬೇರೆಯವರ ತಲೆಗೂ ಬಡಿಯುವುದಿಲ್ಲ. ಕೊಟ್ಟದ್ದು ಒಂಬತ್ತು ಅಡಿಯ ಫೋಮ್ ಬೋರ್ಡು. ಮೇಲ್ಮೈ ಮೆತ್ತಗೆ, ಬಣ್ಣ ಕಡುನೀಲಿ, ನೋಡಿದವರಿಗೆಲ್ಲ ಇವನು ಹೊಸಬ ಅಂತ ಗೊತ್ತಾಗಬೇಕು. ಗೊತ್ತಾಗಲಿ ಬಿಡಿ, ದಾರಿ ಬಿಡುತ್ತಾರೆ.

ವೆಟ್‌ಸೂಟ್, ಅಂದರೆ ನೀರಿನ ಚಳಿ ತಡೆಯುವ ಬಿಗಿ ರಬ್ಬರ್ ಉಡುಪು, ಹಾಕಿಕೊಳ್ಳುವುದೇ ಒಂದು ವ್ಯಾಯಾಮ. ಪೂರ್ತಿ ಕೈಕಾಲು ಮುಚ್ಚುವುದನ್ನು ಇಲ್ಲಿ ಸ್ಟೀಮರ್ ಅನ್ನುತ್ತಾರೆ. ಜಿಪ್ ಬೆನ್ನಿನ ಕಡೆ, ಅದಕ್ಕೊಂದು ಉದ್ದ ದಾರ. ವಸಂತ ಬಂತು ಅಂತ ಕ್ಯಾಲೆಂಡರ್ ಹೇಳಿದರೂ ಸೆಪ್ಟೆಂಬರ್‌ನಲ್ಲಿ ನೀರು ಇನ್ನೂ ತಣ್ಣಗೇ ಇರುತ್ತದೆ. ಬೆಚ್ಚಗಾಗುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ.

ನೀರಿಗಿಳಿಯುವ ಮುಂಚೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಸಮುದ್ರ ತೋರಿಸಿದರು. "ಈಜೋಕೆ ಎಲ್ಲಿ ಚೆನ್ನಾಗಿದೆ ಹೇಳಿ" ಅಂದರು. ನೊರೆ ಕಡಿಮೆ ಇದ್ದ, ಸ್ವಲ್ಪ ಕಡು ಬಣ್ಣದ, ಶಾಂತವಾಗಿದ್ದ ಪಟ್ಟಿಯ ಕಡೆಗೆ ಎಲ್ಲರ ಬೆರಳೂ ಹೋಯಿತು. ಅದೇ ರಿಪ್. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ. ಅಲ್ಲಿ ತಳ ಆಳ, ಅದಕ್ಕೇ ಅಲೆ ಒಡೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಶಾರ್ಕ್‌ಗಿಂತ ರಿಪ್‌ಗೆ ಸಿಕ್ಕಿ ಸತ್ತವರೇ ಜಾಸ್ತಿ. ಸಿಕ್ಕಿಕೊಂಡರೆ ದಡದ ಕಡೆಗೆ ಎದುರೀಜು ಈಜಿ ಸುಸ್ತಾಗಬಾರದು. ತೇಲುತ್ತಾ ಇರಬೇಕು, ಕೈ ಎತ್ತಿ ಕರೆಯಬೇಕು, ಶಕ್ತಿ ಇದ್ದರೆ ಅಡ್ಡಕ್ಕೆ ಅಲೆ ಒಡೆಯುವ ಕಡೆ ಈಜಬೇಕು. ಸುಮ್ನೆ ನೀರಾಟಕ್ಕೆ ಬರುವವರಾದರೆ ಜೀವರಕ್ಷಕರು ನೆಟ್ಟ ಕೆಂಪು ಹಳದಿ ಬಾವುಟಗಳ ನಡುವೆಯೇ ಇರಿ. ಬೋರ್ಡು ಹಿಡಿದವರು ಆ ಬಾವುಟಗಳ ಹೊರಗೆ. ನಮ್ಮವರು ನೀರು ಶಾಂತವಾಗಿದೆ ಅಂತಲೇ ಮಕ್ಕಳನ್ನು ಇಳಿಸುವುದನ್ನು ನೋಡಿದ್ದೇನೆ. ಸರ್ಫಿಂಗ್ ಬೇಡವಾದರೂ ಈ ಒಂದು ಪಾಠ ಎಲ್ಲರಿಗೂ ಬೇಕು.

ಆಮೇಲೆ ಎದ್ದು ನಿಲ್ಲುವ ವಿದ್ಯೆ. ಅಂಗೈ ಪಕ್ಕೆಲುಬಿನ ಹತ್ತಿರ ಬೋರ್ಡಿನ ಮೇಲೆ ಒತ್ತಿ, ಎದೆ ಎತ್ತಿ, ಒಂದೇ ಏಟಿಗೆ ಎರಡೂ ಕಾಲು ಮೈಯ ಕೆಳಗೆ ತರಬೇಕು. ಮಂಡಿ ಬಗ್ಗಿರಬೇಕು, ಸೊಂಟ ಅಲ್ಲ. ಕಣ್ಣು ದಡದ ಮೇಲೆ. ಮ್ಯಾನ್ಲಿಯಲ್ಲಿ ದಡದುದ್ದಕ್ಕೂ ನಾರ್ಫೋಕ್ ಪೈನ್ ಮರಗಳಿವೆ, ಅವುಗಳಲ್ಲಿ ಒಂದರ ಮೇಲೆ ಕಣ್ಣು ನೆಟ್ಟೆ. ಕಣ್ಣು ಪಾದದ ಕಡೆ ಇಳಿಯಿತೋ, ತಲೆಯ ಭಾರ ಮುಂದೆ ವಾಲಿ ಮೈಯೂ ನೀರಿಗೆ. ಮೊದಲ ದಿನವೇ ನೊರೆಯಲ್ಲಿ ನಿಂತೆ. ಸೊಂಟದುದ್ದ ನೀರಿನಲ್ಲಿ, ಒಡೆದ ಅಲೆಯ ಬಿಳಿ ನೊರೆ ತಾನೇ ಬೋರ್ಡನ್ನು ತಳ್ಳುತ್ತದೆ. ಬಹಳ ಜನ ನಿಲ್ಲುತ್ತಾರೆ. ಫೋಟೋ ತೆಗೆಸಿಕೊಂಡು ಊರಿಗೆ ಕಳಿಸಿ ಅಲ್ಲಿಗೇ ಮುಗಿಸುವವರೂ ಬಹಳ.

ನನ್ನ ಪ್ರಕಾರ ನಿಜವಾದ ಸರ್ಫಿಂಗ್ ಶುರುವಾಗೋದು ಅದಾದ ಮೇಲೆ, ಒಡೆಯದ ಅಲೆ ಹಿಡಿಯುವಾಗ. ಅಲ್ಲಿ ನಿಲ್ಲುವುದು ಚಿಕ್ಕ ಕೆಲಸ. ಅಲೆ ಆರಿಸುವುದು ದೊಡ್ಡ ಕೆಲಸ. ಅಲೆಗಳು ಗುಂಪು ಗುಂಪಾಗಿ ಬರುತ್ತವೆ, ನಡುವೆ ಬಿಡುವು. ಆ ಬಿಡುವಿನಲ್ಲಿ ಹೊರಗೆ ಹೋಗಿ ಬೋರ್ಡಿನ ಮೇಲೆ ಕೂತು ಕಾಯಬೇಕು. ಹೊರಟ ಬಸ್ ಹತ್ತುವವರು ಅದರ ಜೊತೆ ನಾಲ್ಕು ಹೆಜ್ಜೆ ಓಡುತ್ತಾರಲ್ಲ, ಇಲ್ಲೂ ಅಷ್ಟೇ. ಅಲೆ ನಿಮ್ಮನ್ನು ತಲುಪುವ ಹೊತ್ತಿಗೆ ನೀವೂ ಸುಮಾರು ಅದರ ವೇಗಕ್ಕೆ ಬಂದಿರಬೇಕು. ಹಿಂದೆ ಜಾಸ್ತಿ ಮಲಗಿದರೆ ಅಲೆ ಕೆಳಗಿನಿಂದ ಹೊರಟುಹೋಗುತ್ತದೆ. ಮುಂದೆ ಜಾಸ್ತಿ ಬಂದರೆ ಬೋರ್ಡಿನ ಮೂತಿ ನೀರಿಗೆ ಹೊಕ್ಕು ಪಲ್ಟಿ. ಈ ಎರಡರ ನಡುವಿನ ಜಾಗಕ್ಕೆ ಬೋರ್ಡಿನ ಮೇಲೆ ಮೇಣದಿಂದ ಗುರುತು ಮಾಡಿಕೊಂಡೆ. ಗದ್ದ ಅಲ್ಲಿಗೆ ಬಂದರೆ ಸರಿ.

ಈಗ ಹೊರಡುವ ಮುಂಚೆ ಅಲೆಯ ಮುನ್ಸೂಚನೆ ನೋಡುತ್ತೇನೆ. ಎತ್ತರ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಒಂದು ಅಲೆಗೂ ಇನ್ನೊಂದಕ್ಕೂ ಎಷ್ಟು ಸೆಕೆಂಡ್ ಅಂತರ ಅನ್ನೋದು ಮುಖ್ಯ. 7 ಸೆಕೆಂಡಿನ ಒಂದು ಮೀಟರ್ ಅಲೆಗಿಂತ 13 ಸೆಕೆಂಡಿನದಕ್ಕೆ ಬಲ ಎಷ್ಟೋ ಜಾಸ್ತಿ. ಮ್ಯಾನ್ಲಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಪಶ್ಚಿಮದ ತೆಳು ಗಾಳಿ ಇದ್ದರೆ ಅಲೆಯ ಮುಖ ನಯವಾಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ಈಶಾನ್ಯದ ಕಡಲ ಗಾಳಿ ಎದ್ದರೆ ಎಲ್ಲಾ ಕಲಸುಮೇಲೋಗರ. ಆ ಗಾಳಿಯೇ ಬ್ಲೂಬಾಟಲ್‌ಗಳನ್ನೂ ದಡಕ್ಕೆ ತರುತ್ತದೆ. ಕುಟುಕುವ ಕಡಲ ಜೀವಿ ಇದು: ಚಿಕ್ಕ ನೀಲಿ ಗುಳ್ಳೆ, ಕೆಳಗೆ ಉದ್ದನೆಯ ನೀಲಿ ಎಳೆ. ನನ್ನ ಮುಂಗೈಗೆ ಒಮ್ಮೆ ಸುತ್ತಿಕೊಂಡಾಗ ಚಾಟಿ ಏಟಿನ ಗೆರೆ ಎದ್ದಿತು. ಎಳೆ ಕಿತ್ತು, ಸಮುದ್ರದ ನೀರಲ್ಲೇ ತೊಳೆದು, ಆಮೇಲೆ ತಡೆದುಕೊಳ್ಳುವಷ್ಟು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಉರಿ ಇಳಿಯುತ್ತದೆ.

ಅಂದಹಾಗೆ ಕಲಿಯೋಕೆ ಇಷ್ಟು ದೂರ ಬರಬೇಕಿಲ್ಲ. ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಬಹಳ ವರ್ಷಗಳಿಂದ ಕಲಿಸುತ್ತಿದೆ, ಪಕ್ಕದ ಸಸಿಹಿತ್ಲುವಿನಲ್ಲಿ ರಾಷ್ಟ್ರೀಯ ಸ್ಪರ್ಧೆಯೂ ನಡೆದಿದೆ. ಅಲ್ಲಿ ವೆಟ್‌ಸೂಟಿನ ಒದ್ದಾಟವೂ ಇಲ್ಲ. ಹೊಸಬರು ಮಳೆಗಾಲ ಬಿಟ್ಟು ಹೋಗಬೇಕು, ಅಷ್ಟೆ.

ಜೊತೆಯವರು ನನಗೆ ಫೋಮ್ ಬೋರ್ಡು ಇನ್ನು ಬಿಡು, ಆರು ಅಡಿ ಚಿಲ್ಲರೆಯ ಗಟ್ಟಿ ಬೋರ್ಡಿಗೆ ಬಾ ಅನ್ನುತ್ತಾರೆ. ನಾನು ಒಪ್ಪಿಲ್ಲ. ಚಿಕ್ಕ ಬೋರ್ಡು ಸರಕ್ಕನೆ ತಿರುಗುತ್ತದೆ ನಿಜ, ಆದರೆ ತೇಲುವುದು ಕಡಿಮೆ, ಅಲೆಯನ್ನು ತಡವಾಗಿ ಹಿಡಿಯುತ್ತದೆ. ವಾರಕ್ಕೊಮ್ಮೆ ಬರುವವನಿಗೆ ಅಲೆ ಸಿಗುವುದು ಮುಖ್ಯ, ತಿರುಗುವುದಲ್ಲ. ಕಳೆದ ತಿಂಗಳು ಹಳೆಯ ಒಂಬತ್ತು ಅಡಿಯದನ್ನೇ ಒಬ್ಬರಿಂದ ಕೊಂಡುಕೊಂಡೆ. ಫೆರಿಯಲ್ಲಿ ಅದನ್ನು ಹೊತ್ತುಕೊಂಡು ಹೋಗೋದು ರಗಳೆ, ಅದಕ್ಕೆ ಮ್ಯಾನ್ಲಿಯಲ್ಲಿರುವ ಗೆಳೆಯನ ಗ್ಯಾರೇಜಿನಲ್ಲಿ ಇಟ್ಟಿದ್ದೇನೆ. ಬಾಡಿಗೆ ಕೇಳಿದ, ತಿಂಗಳಿಗೊಂದು ಸಲ ಬಿಸಿಬೇಳೆಬಾತ್.