ಮಹಡಿಗೆ ಕಾಣದೇ ಹೋದ ನನ್ನ 'ಪತ್ರಿಕೆ' ಫೋಲ್ಡರ್

ನಾನು ಶಿವಮೊಗ್ಗದಲ್ಲಿ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಹೆಚ್ಚಾಗಿ ಲಗ್ನಪತ್ರಿಕೆ, ಉಪನಯನ, ಗೃಹಪ್ರವೇಶ, ವೈಕುಂಠ ಸಮಾರಾಧನೆಯ ಕಾರ್ಡುಗಳು. ಕೆಳಗಿನ ಹಾಲ್‌ನ ಮೂಲೆಯಲ್ಲಿ ನನ್ನ ಹಳೆ ಸಿಸ್ಟಮ್: ವಿಂಡೋಸ್ 7, ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪಿಂಗಿನ ನುಡಿ. ಪಕ್ಕದ ಮೇಜಿನ ಮೇಲೆ ಪ್ರಿಂಟರ್ ಜೋಡಿಸಿರುವ ವಿಂಡೋಸ್ 10 ಸಿಸ್ಟಮ್. ಬಿಲ್ಲು, ಪ್ರಿಂಟು ನೋಡಿಕೊಳ್ಳುವುದು ನಮ್ಮ ಯಜಮಾನರು. ಮಹಡಿ ಮೇಲೆ ಮಗಳ ಲ್ಯಾಪ್‌ಟಾಪ್, ಬಣ್ಣದ ಡಿಸೈನ್ ಎಲ್ಲ ಅವಳದು. ಮೂವರಿಗೂ ಸೇರಿ ಇರುವುದು ಒಂದೇ ಫೋಲ್ಡರ್. ಹೆಸರು 'ಪತ್ರಿಕೆ', ಇರುವುದು ನನ್ನ ಸಿಸ್ಟಮ್‌ನ ಡಿ ಡ್ರೈವ್‌ನಲ್ಲಿ. ಹದಿನಾಲ್ಕು ವರ್ಷದ ಕೆಲಸ ಅದರೊಳಗಿದೆ. ಅಕ್ಕನ ಮದುವೆಗೆ ಕಾರ್ಡ್ ಮಾಡಿಸಿದ ಮನೆಯವರೇ ತಂಗಿಯ ಮದುವೆಗೂ ಬರುತ್ತಾರೆ. ಕುಲದೇವರ ಹೆಸರು, ಹಿರಿಯರ ಹೆಸರು, ಸುಖಾಗಮನ ಬಯಸುವವರ ಪಟ್ಟಿ ಎಲ್ಲ ಹಳೆಯ ಫೈಲಿನಿಂದಲೇ ಸಿಗಬೇಕು. ಆ ಫೋಲ್ಡರ್ ತೆರೆಯದಿದ್ದರೆ ನಮ್ಮ ಕೆಲಸ ನಿಂತ ಹಾಗೆ.

2025ರ ಏಪ್ರಿಲ್‌ನಲ್ಲಿ, ಮದುವೆ ಸೀಸನ್ನಿನ ನಡುವೆ, ಒಂದೇ ವಾರದಲ್ಲಿ ಎರಡು ಬದಲಾವಣೆ ಆದವು. ಇಂಟರ್ನೆಟ್ ಕನೆಕ್ಷನ್ ಬೇರೆ ಕಂಪನಿಗೆ ಬದಲಾಯಿಸಿದೆವು, ಹೊಸ ಫೈಬರ್ ಬಾಕ್ಸ್ ಬಂತು. ಮಗಳ ಹಳೆ ಲ್ಯಾಪ್‌ಟಾಪ್ ಕೆಟ್ಟು ಹೊಸದು ಬಂತು, ಅದರಲ್ಲಿ ವಿಂಡೋಸ್ 11 ಪ್ರೊ, 24ಎಚ್2 ಆವೃತ್ತಿ. ಮರುದಿನ ಬೆಳಿಗ್ಗೆ ಮಹಡಿಯಿಂದ ಕೂಗು: "ಅಮ್ಮಾ, ನಿನ್ನ ಸಿಸ್ಟಮ್ಮೇ ಕಾಣ್ತಿಲ್ಲ ಇಲ್ಲಿ."

ಮೊದಲ ದಿನ ಇಬ್ಬರೂ ಸೇರಿ ಒಂದು ವಿಡಿಯೋ ನೋಡಿಕೊಂಡು ಅದರಲ್ಲಿ ಹೇಳಿದ್ದನ್ನೆಲ್ಲ ಮಾಡಿದೆವು. ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಆಫ್ ಮಾಡಿದೆವು, ಎವ್ರಿಒನ್‌ಗೆ ಫುಲ್ ಕಂಟ್ರೋಲ್ ಕೊಟ್ಟೆವು, ಹೊಸ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಂಬಿ 1 ಆನ್ ಮಾಡಿದೆವು. ಆದರೂ ಫೋಲ್ಡರ್ ತೆರೆಯಲಿಲ್ಲ. ಸಂಜೆ ಕೂತು ಯೋಚಿಸಿದಾಗ ಹೊಳೆಯಿತು: ದಾರಿಯೇ ಇಲ್ಲದ ಮನೆಗೆ ಬಾಗಿಲು ತೆಗೆದಿಟ್ಟರೆ ಯಾರು ಬರುತ್ತಾರೆ? ಮೊದಲು ದಾರಿ ಇದೆಯೇ ನೋಡಬೇಕು. ಆಮೇಲೆ ಬಾಗಿಲು. ಆಮೇಲೆ ಬಂದವರು ಯಾರು ಎಂಬ ಗುರುತು. ಕೊನೆಗೆ ಒಳಗಿನ ಬೀರುವಿನ ಬೀಗ. ಬದಲಾಯಿಸಿದ್ದನ್ನೆಲ್ಲ ವಾಪಸ್ ಮೊದಲಿನಂತೆ ಮಾಡಿ, ಮರುದಿನ ಈ ಕ್ರಮದಲ್ಲಿ ಶುರು ಮಾಡಿದೆ.

ಎಸ್‌ಎಂಬಿ 1ರ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ತುಂಬ ಜನ ಇದನ್ನೇ ಮೊದಲು ಆನ್ ಮಾಡುತ್ತಾರೆ. ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವಾಗ ಆಡುವ ಭಾಷೆಯ ಹೆಸರು ಎಸ್‌ಎಂಬಿ. 1 ಅದರ ಅತಿ ಹಳೆಯ ರೂಪ. 2017ರ ಮೇ ತಿಂಗಳಲ್ಲಿ ಪ್ರಪಂಚದ ತುಂಬ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದ ವಾನ್ನಾಕ್ರೈ ಎಂಬ ಕೇಡಿನ ಪ್ರೋಗ್ರಾಂ ಹರಡಿದ್ದು ಅದರಲ್ಲಿದ್ದ ತೂತಿನಿಂದ. ಅದೇ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದು ತಾನಾಗಿ ಬರುವುದು ನಿಂತಿತು. ವಿಂಡೋಸ್ ಎಕ್ಸ್‌ಪಿಗೆ ಬೇರೆ ಭಾಷೆ ಬರುವುದಿಲ್ಲ, ನಿಜ. ಆದರೆ ವಿಂಡೋಸ್ 7ಕ್ಕೆ 2.1 ಬರುತ್ತದೆ. ನನ್ನಂತೆ ಹಳೆ ಸಿಸ್ಟಮ್ ವಿಂಡೋಸ್ 7 ಆಗಿದ್ದರೆ ಎಸ್‌ಎಂಬಿ 1 ಬೇಕಾಗಿಯೇ ಇಲ್ಲ. ದಯವಿಟ್ಟು ಅದನ್ನು ಮುಟ್ಟಬೇಡಿ.

ಈಗ ದಾರಿಯ ವಿಷಯ. ಎರಡೂ ಕಡೆ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆದು ಐಪಿಕಾನ್ಫಿಗ್ ಎಂದು ಕೊಟ್ಟು, ಬಂದ ವಿಳಾಸದ ಅಂಕಿಗಳನ್ನು ಆರ್ಡರ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದರ ಕೆಳಗೆ ಒಂದು ಬರೆದೆ. ನನ್ನದು 192.168.1.34. ಮಗಳದು 192.168.0.105. ಮೂರನೇ ಅಂಕಿ ನೋಡಿ: ನನ್ನದರಲ್ಲಿ 1, ಅವಳದರಲ್ಲಿ 0. ಒಂದೇ ಮನೆಯಲ್ಲಿ ಎರಡು ಬೇರೆ ಬೇರೆ ಬೀದಿ ಆಗಿಬಿಟ್ಟಿತ್ತು.

ಕಾರಣ ಕಣ್ಣೆದುರೇ ಇತ್ತು. ಕನೆಕ್ಷನ್ ಕೊಡಲು ಬಂದ ಹುಡುಗ ಹೊಸ ಬಾಕ್ಸನ್ನು ಕೆಳಗೆ ಗೋಡೆಗೆ ಹಾಕಿ, ಮಹಡಿಗೆ ಸಿಗ್ನಲ್ ಸಾಲದು ಎಂದಾಗ ನಮ್ಮ ಹಳೆ ರೂಟರನ್ನು ಮೇಲಿಟ್ಟು ಅದಕ್ಕೊಂದು ಕೇಬಲ್ ಎಳೆದಿದ್ದ. ಆ ಕೇಬಲ್ ಹಳೆ ರೂಟರಿನ ವ್ಯಾನ್ ಪೋರ್ಟಿಗೆ, ಬೇರೆ ಬಣ್ಣದಲ್ಲಿರುವ ಆ ಒಂಟಿ ತೂತಿಗೆ ಹೋಗಿತ್ತು. ಹಾಗೆ ಹಾಕಿದರೆ ಮೇಲಿನ ರೂಟರ್ ತನ್ನದೇ ಸಣ್ಣ ಜಾಲ ಮಾಡಿಕೊಂಡು ನಡುವೆ ಗೋಡೆಯಂತೆ ನಿಲ್ಲುತ್ತದೆ. ಇಂಟರ್ನೆಟ್ ಚೆನ್ನಾಗಿ ಬರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಕೆಳಗಿನ ಸಿಸ್ಟಮ್‌ಗಳು ಮೇಲಿನ ನೆಟ್‌ವರ್ಕ್ ಪಟ್ಟಿಯಲ್ಲಿ ಕಾಣುವುದಿಲ್ಲ, ಕೆಳಗಿನಿಂದ ಮೇಲಿನದನ್ನಂತೂ ಮುಟ್ಟಲೂ ಆಗುವುದಿಲ್ಲ.

ಸರಿಪಡಿಸಲು ಮಗಳು ಮೊದಲು ಹಳೆ ರೂಟರಿನ ಒಳಪುಟ ತೆರೆದು ಅದರ ಸ್ವಂತ ವಿಳಾಸವನ್ನು 192.168.1.2 ಮಾಡಿದಳು. ಹೊಸ ಬಾಕ್ಸ್ 1.1 ಆದ್ದರಿಂದ ಇದು ಬೇರೆಯಾಗಿರಬೇಕು, ಮತ್ತು ಬಾಕ್ಸ್ ತಾನಾಗಿ ಹಂಚುವ ವಿಳಾಸಗಳ ಸಾಲಿನೊಳಗೂ ಇರಬಾರದು. ಮತ್ತೆ ಒಳಗೆ ಹೋಗಿ ಡಿಎಚ್‌ಸಿಪಿ ಆಫ್ ಮಾಡಿದಳು. ವಿಳಾಸ ಹಂಚುವ ಕೆಲಸ ಮನೆಯಲ್ಲಿ ಒಬ್ಬರೇ ಮಾಡಬೇಕು. ಕೊನೆಗೆ ಕೇಬಲನ್ನು ವ್ಯಾನ್‌ನಿಂದ ಕಿತ್ತು ಮನೆಯೊಳಗಿನ ಜಾಲದ ಲ್ಯಾನ್ ಪೋರ್ಟಿಗೆ ಹಾಕಿದೆವು. ಇದೇ ಕ್ರಮದಲ್ಲಿ ಮಾಡಿ. ಕೇಬಲ್ ಮೊದಲೇ ಬದಲಾಯಿಸಿದರೆ ಎರಡು ರೂಟರುಗಳೂ ವಿಳಾಸ ಹಂಚತೊಡಗಿ ಮನೆಯವರ ಫೋನುಗಳಿಗೂ ಇಂಟರ್ನೆಟ್ ತಪ್ಪುತ್ತದೆ. ಈಗ ಮಗಳ ಲ್ಯಾಪ್‌ಟಾಪ್‌ಗೂ 192.168.1ರಲ್ಲೇ ವಿಳಾಸ ಬಂತು. ಹೊಸ ಬಾಕ್ಸಿನಲ್ಲಿ ನನ್ನ ಸಿಸ್ಟಮ್‌ಗೆ 1.34ನ್ನು ಕಾಯಂ ಮಾಡಿಸಿದೆ, ಕರೆಂಟ್ ಹೋಗಿ ಬಂದಾಗ ಬೇರೆ ವಿಳಾಸ ಬರಬಾರದೆಂದು.

ದಾರಿ ಆಯಿತು. ಆದರೂ ಮೇಲಿನಿಂದ ನನ್ನ ಸಿಸ್ಟಮ್‌ಗೆ ಪಿಂಗ್ (ಇದ್ದೀಯಾ ಎಂದು ಕೇಳುವ ಕಮಾಂಡ್) ಕೊಟ್ಟರೆ 'ರಿಕ್ವೆಸ್ಟ್ ಟೈಮ್ಡ್ ಔಟ್'. ಪಕ್ಕದ ಮೇಜಿನ ಪ್ರಿಂಟರ್ ಸಿಸ್ಟಮ್‌ನಿಂದಲೂ ಅದೇ ಉತ್ತರ. ಇಬ್ಬರಿಗೂ ಇಲ್ಲ ಎಂದರೆ ತೊಂದರೆ ನನ್ನ ಸಿಸ್ಟಮ್‌ನದೇ. ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್ ತೆರೆದರೆ ಜಾಲದ ಹೆಸರಿನ ಕೆಳಗೆ 'ಪಬ್ಲಿಕ್ ನೆಟ್‌ವರ್ಕ್' ಎಂದಿತ್ತು. ಯಜಮಾನರನ್ನು ಕೇಳಿದೆ, "ರೀ, ಹೊಸ ಬಾಕ್ಸ್ ಹಾಕಿದ ದಿನ ನನ್ನ ಸಿಸ್ಟಮ್ ಏನಾದರೂ ಕೇಳಿತ್ತಾ?" "ಹೂಂ, ಹೋಮ್, ವರ್ಕ್, ಪಬ್ಲಿಕ್ ಅಂತ ಮೂರು ಬಂತು. ಕೊನೇದು ಒತ್ತಿದೆ ಅನ್ಸುತ್ತೆ."

ಹೊಸ ರೂಟರ್ ಬಂದರೆ ವಿಂಡೋಸ್‌ಗೆ ಅದು ಹೊಸ ಊರು. ಪಬ್ಲಿಕ್ ಎಂದರೆ ಬಸ್ ಸ್ಟ್ಯಾಂಡಿನ ವೈಫೈ ಇದ್ದಂತೆ ಎಂದುಕೊಂಡು ಫೈರ್‌ವಾಲ್ ಫೈಲ್ ಹಂಚಿಕೆಯ ಬಾಗಿಲು ಮುಚ್ಚುತ್ತದೆ. ಹೊರಗಡೆ ಅದು ಹಾಗೇ ಇರಬೇಕು. ಮನೆಯೊಳಗೆ ಮಾತ್ರ ಬದಲಾಯಿಸಬೇಕು. ನಾನು 'ವರ್ಕ್' ಆರಿಸಿದೆ. 'ಹೋಮ್' ಒತ್ತಿದರೆ ಮನೆಯ ಸಿಸ್ಟಮ್‌ಗಳ ಹಂಚಿಕೆ ಗುಂಪಾದ ಹೋಮ್‌ಗ್ರೂಪ್ ಮಾಡಿಕೊಳ್ಳಿ ಎನ್ನುತ್ತದೆ, 2018ರಲ್ಲೇ ವಿಂಡೋಸ್ 10ರಿಂದ ಹೋಮ್‌ಗ್ರೂಪ್ ತೆಗೆದುಹಾಕಿರುವುದರಿಂದ ಉಪಯೋಗವಿಲ್ಲ. ವಿಂಡೋಸ್ 10, 11ರಲ್ಲಿ ಇದೇ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ವೈಫೈ ಹೆಸರಿನ ಪ್ರಾಪರ್ಟೀಸ್ ಒಳಗೆ 'ಪ್ರೈವೇಟ್' ಎಂದಿರುತ್ತದೆ. ಫೈರ್‌ವಾಲ್ ಪೂರ್ತಿ ಆಫ್ ಮಾಡುವ ಅಗತ್ಯ ಎಲ್ಲಿಯೂ ಬರಲಿಲ್ಲ.

ತಕ್ಷಣ ಪ್ರಿಂಟರ್ ಸಿಸ್ಟಮ್‌ನಲ್ಲಿ ಫೋಲ್ಡರ್ ತೆರೆಯಿತು. ಮೇಲಿನಿಂದ ಪಿಂಗ್‌ಗೆ ಉತ್ತರ ಬಂತು. ಫೈಲ್ ಹಂಚಿಕೆ ನಡೆಯುವುದು 445ನೇ ಪೋರ್ಟಿನಲ್ಲಿ, ಅಂದರೆ ಸಿಸ್ಟಮ್‌ನ ಆ ನಂಬರಿನ ಬಾಗಿಲಿನಲ್ಲಿ. ಮಗಳು ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಕೊಟ್ಟು ಅದನ್ನೂ ನೋಡಿದಳು, 'ಟ್ರೂ' ಎಂದಿತು. ಆದರೆ ಫೋಲ್ಡರ್ ತೆರೆಯಲು ಹೋದರೆ ಬೇರೆಯೇ ಮಾತು: ನಿಮ್ಮ ಸಂಸ್ಥೆಯ ಭದ್ರತಾ ನೀತಿಯ ಪ್ರಕಾರ ಗುರುತು ಹೇಳದ ಗೆಸ್ಟ್ ಪ್ರವೇಶವನ್ನು ತಡೆಯಲಾಗಿದೆ. "ನಮಗೆ ಯಾವ ಸಂಸ್ಥೆ ಅಮ್ಮಾ?" ಎಂದು ಮಗಳು ಕೇಳಿದಳು. ನನಗೆ ಮಾತ್ರ ಸಂದೇಶ ಬದಲಾಗಿದ್ದೇ ಸಮಾಧಾನ. ಕಾಣುತ್ತಿಲ್ಲ ಎನ್ನುವುದಕ್ಕೂ ಒಳಗೆ ಬಿಡುವುದಿಲ್ಲ ಎನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಸಂದೇಶವನ್ನು ಪೂರ್ತಿ ಓದದೆ ಓಕೆ ಒತ್ತಬಾರದು, ತೊಂದರೆ ಎಲ್ಲಿದೆ ಎಂಬುದು ಅದರಲ್ಲೇ ಬರೆದಿರುತ್ತದೆ.

ಆಗಿದ್ದು ಇಷ್ಟು. ಎಷ್ಟೋ ವರ್ಷದ ಹಿಂದೆ ನಾನು ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿ, ಎಲ್ಲರೂ ಗೆಸ್ಟ್ ಆಗಿ ಬರುವಂತೆ ಇಟ್ಟಿದ್ದೆ. 24ಎಚ್2 ಪ್ರೊ ಆವೃತ್ತಿ ಹಾಗೆ ಹೋಗಲು ಒಪ್ಪುವುದಿಲ್ಲ. ಜೊತೆಗೆ ಪ್ರತಿ ಸಂದೇಶಕ್ಕೂ ಸಹಿ ಇರಬೇಕು ಎನ್ನುತ್ತದೆ, ಗೆಸ್ಟ್ ಆಗಿ ಬಂದವರಿಗೆ ಸಹಿ ಹಾಕಲು ಬರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಈ ಎರಡೂ ನಿಯಮ ಸಡಿಲ ಮಾಡುವ ದಾರಿ ಇದೆ, ವಿಡಿಯೋಗಳೂ ಅದನ್ನೇ ಹೇಳುತ್ತವೆ. ನಾನು ಮಾಡಲಿಲ್ಲ. ಮಗಳು ಆ ಲ್ಯಾಪ್‌ಟಾಪನ್ನು ಕಾಲೇಜಿಗೆ, ಗೆಳತಿಯರ ರೂಮಿಗೆ ಒಯ್ಯುತ್ತಾಳೆ. ಮನೆಯ ಒಂದು ಫೋಲ್ಡರಿಗಾಗಿ ಅದನ್ನು ಎಲ್ಲ ಕಡೆ ದುರ್ಬಲ ಮಾಡುವುದು ಸರಿಯಲ್ಲ.

ಏಪ್ರಿಲ್ 18, ಶುಕ್ರವಾರ. ನನ್ನ ಸಿಸ್ಟಮ್‌ನಲ್ಲಿ ನೆಟ್ ಯೂಸರ್ ಕಮಾಂಡ್ ಕೊಟ್ಟು 'ಮನೆ' ಎಂಬ ಹೆಸರಿನ ಹೊಸ ಖಾತೆ ಮಾಡಿದೆ, ಗಟ್ಟಿ ಪಾಸ್‌ವರ್ಡ್ ಕೊಟ್ಟೆ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ. ಮಗಳು ಮೊದಲು ತನ್ನ ಲ್ಯಾಪ್‌ಟಾಪಿನ ಪಿನ್ ಹಾಕಿ ನೋಡಿದಳು. ಪಿನ್ ಆ ಲ್ಯಾಪ್‌ಟಾಪಿಗೆ ಮಾತ್ರ, ಬೇರೆ ಸಿಸ್ಟಮ್‌ಗೆ ಅದು ಗೊತ್ತೇ ಇರುವುದಿಲ್ಲ. ಹೆಸರು ಕೇಳುವ ಜಾಗದಲ್ಲಿ ಮೊದಲು ನನ್ನ ಸಿಸ್ಟಮ್‌ನ ಹೆಸರು, ಆಮೇಲೆ ಹಿಂದಕ್ಕೆ ವಾಲಿದ ಗೀಟು (\), ಆಮೇಲೆ ಖಾತೆಯ ಹೆಸರು ಬರೆದರೆ ಯಾವ ಸಿಸ್ಟಮ್‌ನ ಖಾತೆ ಎಂಬ ಗೊಂದಲ ಇರುವುದಿಲ್ಲ. ಹಾಗೆ ಬರೆದಳು, ಫೋಲ್ಡರ್ ತೆರೆಯಿತು. ಪವರ್‌ಶೆಲ್‌ನಲ್ಲಿ ಸಂಪರ್ಕದ ವಿವರ ನೋಡಿದರೆ ಆವೃತ್ತಿ 2.1 ಎಂದಿತ್ತು.

ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಮತ್ತೆ ಆನ್ ಮಾಡಿ ಗೆಸ್ಟ್ ದಾರಿ ಮುಚ್ಚಿದ ಮೇಲೆ ಪ್ರಿಂಟರ್ ಸಿಸ್ಟಮ್‌ನಲ್ಲಿ ಒಂದು ತಕರಾರು ಬಂತು. ಹೊಸ ಹೆಸರು, ಪಾಸ್‌ವರ್ಡ್ ಕೊಟ್ಟರೆ, ಒಬ್ಬರೇ ಎರಡು ಹೆಸರಿನಲ್ಲಿ ಒಂದೇ ಸರ್ವರಿಗೆ ಹೋಗುವಂತಿಲ್ಲ ಎಂಬ 1219 ಎರರ್. ಹಳೆಯ ಗೆಸ್ಟ್ ಸಂಪರ್ಕ ಇನ್ನೂ ಜೀವಂತ ಇತ್ತು. ನೆಟ್ ಯೂಸ್ ಡಿಲೀಟ್ ಕೊಟ್ಟು, ಹೆಸರು, ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಉಳಿದಿದ್ದ ಹಳೆ ನಮೂದು ಅಳಿಸಿ, ಒಮ್ಮೆ ಲಾಗಾಫ್ ಮಾಡಿದ ಮೇಲೆ ಸರಿಹೋಯಿತು.

ಇನ್ನು ಬೀರುವಿನ ಬೀಗ. ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದು. ಫೋಲ್ಡರ್ ತೆರೆಯುತ್ತದೆ, ಒಳಗಿನ ನೂರಾರು ಕೆಲಸಗಳು ತೆರೆಯುತ್ತವೆ, ನಡುವೆ ಒಂಬತ್ತು ಫೋಲ್ಡರುಗಳು ಮಾತ್ರ 'ಆಕ್ಸೆಸ್ ಡಿನೈಡ್'. ಅದರಲ್ಲಿ ಮರುದಿನ ಪ್ರೂಫ್ ಕೊಡಬೇಕಾದ ತೀರ್ಥಹಳ್ಳಿಯವರ ಮದುವೆಯ ಕೆಲಸವೂ ಒಂದು. ತೆರೆಯುವ ಫೋಲ್ಡರಿನದೂ ತೆರೆಯದ ಫೋಲ್ಡರಿನದೂ ಸೆಕ್ಯುರಿಟಿ ಟ್ಯಾಬನ್ನು ಅಕ್ಕಪಕ್ಕ ಇಟ್ಟುಕೊಂಡೆ. ಒಂದರಲ್ಲಿ 'ಮನೆ' ಹೆಸರಿದೆ, ಇನ್ನೊಂದರಲ್ಲಿ ನನ್ನ ಹೆಸರು ಮಾತ್ರ. ನೆನಪಾಯಿತು: ಆ ಒಂಬತ್ತೂ ನಾನು ಡಿ ಡ್ರೈವಿನ ನನ್ನ ಸ್ವಂತ ಫೋಲ್ಡರಿನಲ್ಲಿ ಶುರು ಮಾಡಿ, ಮುಗಿದ ಮೇಲೆ ಕಟ್ ಮಾಡಿ 'ಪತ್ರಿಕೆ'ಗೆ ಪೇಸ್ಟ್ ಮಾಡಿದ ಕೆಲಸಗಳು. ಆ ಸ್ವಂತ ಫೋಲ್ಡರಿಗೆ ಬೇರೆ ಯಾರಿಗೂ ಅನುಮತಿ ಇಲ್ಲ.

ಕಾಪಿ ಮಾಡಿದರೆ ಹೊಸ ಫೈಲ್ ಹುಟ್ಟುತ್ತದೆ, ಅದು ಹೋದ ಮನೆಯ ರೀತಿಯನ್ನು ಕಲಿಯುತ್ತದೆ. ಒಂದೇ ಡ್ರೈವಿನೊಳಗೆ ಕಟ್ ಮಾಡಿ ಸರಿಸಿದರೆ ಫೈಲ್ ಹಳೆಯದೇ, ತವರಿನ ಅನುಮತಿಯನ್ನು ಜೊತೆಗೇ ಹೊತ್ತು ಬರುತ್ತದೆ. ಬೇರೆ ಡ್ರೈವಿನಿಂದ ಬಂದರೆ ಈ ತೊಂದರೆ ಇಲ್ಲ, ಅಲ್ಲಿ ಕಟ್ ಎಂದರೂ ಒಳಗೆ ನಡೆಯುವುದು ಕಾಪಿಯೇ. ಗೆಸ್ಟ್ ಕಾಲದಲ್ಲೂ ಈ ಒಂಬತ್ತು ಬೇರೆಯವರಿಗೆ ತೆರೆಯುತ್ತಿರಲಿಲ್ಲವೆಂದೇ ಕಾಣುತ್ತದೆ, ಯಾರೂ ಮುಟ್ಟಿರಲಿಲ್ಲ ಅಷ್ಟೆ. 'ಪತ್ರಿಕೆ'ಯ ಸೆಕ್ಯುರಿಟಿಯಲ್ಲಿ ಅಡ್ವಾನ್ಸ್ಡ್ ಒಳಗೆ ಹೋಗಿ, ಕೆಳಗಿನ ಎಲ್ಲ ಫೋಲ್ಡರುಗಳಿಗೂ ಇದೇ ಅನುಮತಿ ಹಾಕು ಎಂಬುದಕ್ಕೆ ಟಿಕ್ ಮಾಡಿದೆ. ಹದಿನಾಲ್ಕು ವರ್ಷದ ಫೈಲುಗಳ ಮೇಲೆ ಅದು ಓಡಿ ಮುಗಿಯುವ ಹೊತ್ತಿಗೆ ಅಡುಗೆ ಆಗಿತ್ತು.

ತೆರೆಯಿತು, ಆದರೆ ಮಗಳು ಸೇವ್ ಮಾಡಲು ಹೋದರೆ ಬಿಡದು. ಇಲ್ಲಿ ಎರಡು ಪಟ್ಟಿಗಳಿವೆ: ಶೇರಿಂಗ್‌ನ ಅನುಮತಿ ಒಂದು, ಸೆಕ್ಯುರಿಟಿಯ ಅನುಮತಿ ಇನ್ನೊಂದು. ನೆಟ್‌ವರ್ಕಿನಿಂದ ಬಂದವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ನಾನು ಸೆಕ್ಯುರಿಟಿಯಲ್ಲಿ ಮಾಡಿಫೈ ಕೊಟ್ಟಿದ್ದೆ, ಶೇರಿಂಗ್‌ನಲ್ಲಿ ರೀಡ್ ಮಾತ್ರ ಉಳಿದಿತ್ತು. ಅಲ್ಲಿ ಚೇಂಜ್ ಕೊಟ್ಟೆ.

ಆಮೇಲೂ ಮಗಳು "ಫೈಲ್ ಕೆಟ್ಟಿದೆ, ಅಕ್ಷರ ಎಲ್ಲ ಚಿತ್ರವಿಚಿತ್ರ" ಎಂದಳು. ಅದು ಫೋಲ್ಡರಿನ ತಪ್ಪಲ್ಲ. ಹೊಸ ಲ್ಯಾಪ್‌ಟಾಪ್‌ನಲ್ಲಿ ನುಡಿ ಫಾಂಟ್ ಹಾಕಿರಲಿಲ್ಲ.

ವಿಂಡೋಸ್ 7ಕ್ಕೆ 2020ರ ಜನವರಿಯಿಂದ ಭದ್ರತಾ ಅಪ್‌ಡೇಟ್ ಇಲ್ಲ. ಹಾಗಾಗಿ ಬಾಕ್ಸಿನಲ್ಲೇ ಆ ಸಿಸ್ಟಮ್‌ಗೆ ಇಂಟರ್ನೆಟ್ ತಡೆದಿದ್ದೇನೆ. ಮನೆಯೊಳಗಿನ ಹಂಚಿಕೆಗೆ ಇಂಟರ್ನೆಟ್ ಬೇಕಿಲ್ಲ. ಪ್ರತಿ ಭಾನುವಾರ 'ಪತ್ರಿಕೆ'ಯ ಒಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕಿಗೆ ಹೋಗುತ್ತದೆ, ಡಿಸ್ಕನ್ನು ಕಿತ್ತು ಬೀರುವಿನಲ್ಲಿ ಇಡುತ್ತೇನೆ.

ಮೇ 30ರ ಬೆಳಿಗ್ಗೆ ಮತ್ತೆ ಮಹಡಿಯಿಂದ ಕೂಗು. ಈ ಸಲ ಪಾಸ್‌ವರ್ಡ್ ಬದಲಾಯಿಸಬೇಕು ಎಂಬ ಸಂದೇಶ. ದಾರಿ ನೋಡಲಿಲ್ಲ, ಬಾಗಿಲು ನೋಡಲಿಲ್ಲ, ಸೀದಾ ಖಾತೆ ನೋಡಿದೆ. ನೆಟ್ ಯೂಸರ್ ಜೊತೆ 'ಮನೆ' ಎಂದು ಕೊಟ್ಟಾಗ 'ಪಾಸ್‌ವರ್ಡ್ ಎಕ್ಸ್‌ಪೈರ್ಸ್' ಸಾಲಿನ ಎದುರು ಅದೇ ದಿನದ ತಾರೀಖು. ಆ ಕಮಾಂಡಿನಿಂದ ಮಾಡಿದ ಖಾತೆಯ ಪಾಸ್‌ವರ್ಡಿಗೆ, ಬೇರೆ ಏನೂ ಹೇಳದಿದ್ದರೆ, 42 ದಿನ ಆಯಸ್ಸು. ಏಪ್ರಿಲ್ 18ರಿಂದ ಎಣಿಸಿದರೆ ಸರಿಯಾಗಿ 42. ನನ್ನದು ಪ್ರೊಫೆಷನಲ್ ಆವೃತ್ತಿ ಆದ್ದರಿಂದ ಕಂಪ್ಯೂಟರ್ ಮ್ಯಾನೇಜ್‌ಮೆಂಟಿನಲ್ಲಿ ಆ ಖಾತೆಯ ಪ್ರಾಪರ್ಟೀಸ್ ತೆರೆದು 'ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್' ಎಂಬುದಕ್ಕೆ ಟಿಕ್ ಹಾಕಿದೆ. "ಬಂತಮ್ಮಾ" ಎಂದಳು ಮೇಲಿನಿಂದ. ಅವತ್ತು ಮಧ್ಯಾಹ್ನ ಸಾಗರದವರೊಬ್ಬರ ಗೃಹಪ್ರವೇಶದ ಕಾರ್ಡ್ ಅಚ್ಚಿಗೆ ಹೋಗಬೇಕಿತ್ತು, ಹನ್ನೊಂದು ಗಂಟೆಗೇ ಹೋಯಿತು.