ಐದೂವರೆಯ ನಂತರದ ಬೇಸಿಗೆ

ನಾನು ಹುಟ್ಟಿ ಬೆಳೆದದ್ದು ಹೊನ್ನಾವರದ ಹತ್ತಿರ. ಸಮುದ್ರ ನಮ್ಮ ಮನೆಯಿಂದ ಅರ್ಧ ಮೈಲಿ. ಆದರೂ ಆಗಸ್ಟ್ ತಿಂಗಳಲ್ಲಿ ಸಮುದ್ರಕ್ಕೆ ಇಳಿಯಬಹುದು ಅನ್ನುವ ಯೋಚನೆಯೇ ನಮಗೆ ಬಂದಿರಲಿಲ್ಲ. ಆಗ ಅಲ್ಲಿ ಕೆಂಪು ನೀರು, ಬಿಡದ ಮಳೆ, ರಾತ್ರಿಯಿಡೀ ಮೊರೆತ. ನಾನು ಈಜು ಕಲಿತದ್ದು 38ನೇ ವಯಸ್ಸಿನಲ್ಲಿ, ಗ್ರೀಸ್‌ನಲ್ಲಿ. ಅದೂ ಆಗಸ್ಟ್ ಕೊನೆಯಲ್ಲಿ.

ನಾವಿರುವುದು ಏಜಿನಾ ದ್ವೀಪದಲ್ಲಿ. ಇಲ್ಲಿನವರ ಬಾಯಲ್ಲಿ ಅದು ಏಯಿನಾ. ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ದೊಡ್ಡ ದೋಣಿಯಲ್ಲಿ ಒಂದೂಕಾಲು ಗಂಟೆ. 1828ರಲ್ಲಿ ಹೊಸ ಗ್ರೀಸ್‌ನ ಸರ್ಕಾರ ಸ್ವಲ್ಪ ಕಾಲ ಇಲ್ಲಿಂದಲೇ ನಡೆದಿತ್ತು. ಈಗ ಇದು ಪಿಸ್ತಾದ ಊರು. ಈ ವರ್ಷದ್ದು ನನ್ನ ನಾಲ್ಕನೇ ಬೇಸಿಗೆ.

ಮೊದಲನೇ ಬೇಸಿಗೆ ನನ್ನ ಕೈಗೆ ಸಿಗಲೇ ಇಲ್ಲ. ಕೆಲಸ ಬೆಂಗಳೂರಿನ ಆಫೀಸಿನದು, ಮನೆಯಿಂದಲೇ. ಬೇಸಿಗೆಯಲ್ಲಿ ಗ್ರೀಸ್ ನಮಗಿಂತ ಎರಡೂವರೆ ಗಂಟೆ ಹಿಂದೆ. ನಾನು ತಡವಾಗಿ ಎದ್ದು, ಮಧ್ಯಾಹ್ನದ ಸುಡು ಬಿಸಿಲಿನಲ್ಲಿ ಬಾಲ್ಕನಿಯಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಯಾಯಾ ಕಿಟಕಿ ತೆರೆದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಯಾಯಾ ಅಂದರೆ ಅಜ್ಜಿ. ಬೇಸಿಗೆಯಲ್ಲಿ ಮಧ್ಯಾಹ್ನ 3ರಿಂದ 5:30ರ ತನಕ ಇಲ್ಲಿ ಕಾನೂನಿನ ಪ್ರಕಾರವೇ ಸದ್ದು ಮಾಡುವಂತಿಲ್ಲ. ಊರಿಗೆ ಊರೇ ಕಿಟಕಿ ಮುಚ್ಚಿ ಮಲಗಿರುತ್ತದೆ.

ಮರುವರ್ಷ ನಾನು ಗಡಿಯಾರವನ್ನೇ ಬದಲಿಸಿದೆ. ಬೆಳಿಗ್ಗೆ ಆರೂವರೆಗೆ ಕೆಲಸಕ್ಕೆ ಕೂರುವುದು, ಎರಡೂವರೆಗೆ ಮುಗಿಸುವುದು. ಆಮೇಲೆ ಊಟ. ಮರದ ಕಿಟಕಿ ಬಾಗಿಲುಗಳನ್ನು ಎಳೆದು, ಕತ್ತಲೆ ಮಾಡಿ, ತಣ್ಣನೆ ನೆಲದ ಮೇಲೆ ಚಾಪೆ ಹಾಸಿ ನಿದ್ದೆ. ಐದೂವರೆಗೆ ಎದ್ದರೆ ಇನ್ನೊಂದು ದಿನವೇ ಶುರುವಾದ ಹಾಗೆ. ಆಗಸ್ಟ್ ನಡುವಿನಲ್ಲಿ ಸೂರ್ಯ ಮುಳುಗುವುದು ಎಂಟು ಗಂಟೆಯ ಮೇಲೆ. ಅಂದರೆ ಪೂರ್ತಿ ಎರಡೂವರೆ ಗಂಟೆ ಬೆಳಕು, ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಬೆಳಕು. ನಾನು ಹೇಳಬೇಕೆಂದಿರುವುದೆಲ್ಲ ಆ ಹೊತ್ತಿನದೇ.

ಎದ್ದ ಕೂಡಲೇ ಸಮುದ್ರ. ಬಂದರಿನ ಪಕ್ಕದಲ್ಲೇ ಕೊಲೋನ ಅನ್ನುವ ಸಣ್ಣ ಮರಳ ತೀರ. ಮೇಲೆ ದಿಬ್ಬದಲ್ಲಿ ಅಪೊಲೊ ಗುಡಿಯ ಒಂದೇ ಒಂದು ಕಂಬ ಉಳಿದಿದೆ. ಕ್ರಿಸ್ತಪೂರ್ವ 6ನೇ ಶತಮಾನದ್ದು. ಆ ಕಂಬವನ್ನು ನೋಡುತ್ತಾ ಬೆನ್ನ ಮೇಲೆ ತೇಲುವುದನ್ನು ಕಲಿತೆ. ಯಾಯಾ ಮತ್ತು ಅವರ ಗೆಳತಿಯರೇ ಗುರುಗಳು. ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಕುತ್ತಿಗೆ ತನಕ ನೀರಲ್ಲಿ ನಿಂತು ಅವರು ಒಂದು ಗಂಟೆ ಮಾತಾಡುತ್ತಾರೆ. ಯಾರ ಮೊಮ್ಮಗನಿಗೆ ಮದುವೆ, ಟೊಮೆಟೊಗೆ ಎಷ್ಟು, ಎಲ್ಲವೂ ಅಲ್ಲೇ. ನಮ್ಮೂರಿನ ಬಾವಿಕಟ್ಟೆ ನೆನಪಾಗುತ್ತದೆ ನನಗೆ. ಈ ಸಮುದ್ರದಲ್ಲಿ ಉಪ್ಪು ನಮ್ಮ ಕಡೆಗಿಂತ ಜಾಸ್ತಿ, ಹಾಗಾಗಿ ಮೈ ಸುಲಭವಾಗಿ ತೇಲುತ್ತದೆ. ಕೈಕಾಲು ಸಡಿಲ ಬಿಟ್ಟರೆ ಸಾಕು, ಉಳಿದದ್ದನ್ನು ನೀರೇ ನೋಡಿಕೊಳ್ಳುತ್ತದೆ.

ಇಲ್ಲಿ ಬೇಸಿಗೆಯನ್ನು ಸ್ನಾನದ ಲೆಕ್ಕದಲ್ಲಿ ಅಳೆಯುತ್ತಾರೆ. "ಎಷ್ಟು ಸ್ನಾನ ಆಯ್ತು?" ಅಂತ ಕೇಳುತ್ತಾರೆ, ಸ್ನಾನ ಅಂದರೆ ಸಮುದ್ರದ್ದೇ. ನಾನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗೆರೆ ಹಾಕುತ್ತೇನೆ. ಜುಲೈಗಿಂತ ಆಗಸ್ಟ್ ಕೊನೆ, ಸೆಪ್ಟೆಂಬರ್ ಆರಂಭವೇ ನನಗಿಷ್ಟ. ಎರಡು ತಿಂಗಳ ಬಿಸಿಲನ್ನು ನೀರು ಒಳಗೆ ಹಿಡಿದಿಟ್ಟುಕೊಂಡಿರುತ್ತದೆ. ಮೆಲ್ತೇಮಿ ಅನ್ನುವ ಬಡಗಣ ಗಾಳಿ ಮೆತ್ತಗಾಗುತ್ತದೆ. ಅಥೆನ್ಸ್‌ನವರು ಊರಿಗೆ ಮರಳಿರುತ್ತಾರೆ.

ನೀರಿನಿಂದ ಬಂದ ಮೇಲೆ ದಿಲಿನೊ. ಇದನ್ನು ನಾನು ಕಲಿತದ್ದು ಯಾಯಾ ಅವರಿಂದಲೇ. ಹಿಂದೆ ಹೊಲದಲ್ಲಿ ದುಡಿಯುವವರು ಬೇಸಿಗೆಯ ಉದ್ದ ದಿನಗಳಲ್ಲಿ ಇಳಿಹೊತ್ತಿಗೆ ತಿನ್ನುತ್ತಿದ್ದ ಸಣ್ಣ ಊಟ. ನಮ್ಮ ಸಂಜೆ ತಿಂಡಿಯ ಹಾಗೆಯೇ ಅಲ್ವಾ? ನನ್ನ ದಿಲಿನೊ ಹೀಗೆ: ಬಾರ್ಲಿಯ ಗಟ್ಟಿ ರಸ್ಕನ್ನು ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುವುದು. ಅದರ ಮೇಲೆ ಟೊಮೆಟೊ ತುರಿದು, ಉಪ್ಪು, ಓರೆಗಾನೊ, ಧಾರಾಳವಾಗಿ ಆಲಿವ್ ಎಣ್ಣೆ. ಐದು ನಿಮಿಷ ಬಿಡಬೇಕು, ರಸ್ಕ್ ರಸ ಕುಡಿಯಲಿ. ಪಕ್ಕದಲ್ಲಿ ಸೀಳಿದ ಎರಡು ಅಂಜೂರ, ಒಂದು ತುಂಡು ಫೆಟಾ ಚೀಸ್. ಸುಮ್ನೆ ಮೆಟ್ಟಿಲ ಮೇಲೆ ಕೂತು, ಒದ್ದೆ ಕೂದಲಲ್ಲೇ ತಿನ್ನುವುದು.

ಸೊಪ್ಪಿನ ವಿಷಯ ಹೇಳಲೇಬೇಕು. ಸಂತೆಯಲ್ಲಿ ಮೊದಲ ಸಲ ವ್ಲೀತಾ ಕಂಡಾಗ ನಿಂತೇಬಿಟ್ಟೆ. ಅದು ನಮ್ಮ ಹರಿವೆ! ಇಲ್ಲಿ ಎಳೆ ದಂಟಿನ ಸಮೇತ ಬೇಯಿಸಿ, ನೀರು ಬಸಿದು, ಆಲಿವ್ ಎಣ್ಣೆ, ನಿಂಬೆರಸ ಹಾಕಿ ತಿನ್ನುತ್ತಾರೆ. ಗ್ಲಿಸ್ತ್ರೀದಾ ಅನ್ನುವುದು ಬೆಂಗಳೂರಿನಲ್ಲಿ ಗೋಣಿ ಸೊಪ್ಪು ಅಂತ ಮಾರುತ್ತಾರಲ್ಲ, ಅದೇ. ಅದನ್ನು ಹಸಿಯಾಗಿಯೇ ಟೊಮೆಟೊ ಜೊತೆ ಕಲಸುತ್ತಾರೆ. ನಾನು ಮೀನು, ಮಾಂಸ ತಿನ್ನುವವಳಲ್ಲ. ಇಲ್ಲಿಗೆ ಬರುವಾಗ ಅದೇ ದೊಡ್ಡ ಚಿಂತೆಯಾಗಿತ್ತು. ಆದರೆ ಆಗಸ್ಟ್ 1ರಿಂದ 14ರ ತನಕ ಮೇರಿ ಮಾತೆಯ ಹಬ್ಬಕ್ಕೆ ಮುಂಚಿನ ವ್ರತ. ಆಗ ಮಾಂಸ, ಹಾಲು, ಮೊಟ್ಟೆ ಎಲ್ಲ ಬಿಡುತ್ತಾರೆ. "ನಿಸ್ತೀಸಿಮೊ" ಅಂದರೆ ವ್ರತದ ಅಡುಗೆ. ಈ ಒಂದು ಪದ ನನಗೆ ಎಷ್ಟು ಊಟ ಕೊಡಿಸಿದೆಯೋ! ಮಾಂಸವಿಲ್ಲದ ಊಟ ಅಂತ ವಿವರಿಸುವುದಕ್ಕಿಂತ ಇದು ಬೇಗ ಅರ್ಥವಾಗುತ್ತದೆ. ಸಮುದ್ರದ ಚಿಪ್ಪುಜೀವಿಗಳಿಗೆ ವ್ರತದಲ್ಲಿ ಅಡ್ಡಿಯಿಲ್ಲ, ಅದನ್ನು ಮಾತ್ರ ಬೇರೆಯಾಗಿ ಹೇಳಬೇಕು.

ಆಗಸ್ಟ್ ಕೊನೆಗೆ ಪಿಸ್ತಾ ಕೊಯ್ಲು. ಯಾಯಾ ಅವರ ಹಿತ್ತಲಲ್ಲಿ 12 ಮರ. ಅದರಲ್ಲೊಂದು ಗಂಡು, ಕಾಯಿ ಬಿಡುವುದಿಲ್ಲ, ಗಾಳಿಗೆ ಪರಾಗ ಕೊಡುವುದಷ್ಟೇ ಅದರ ಕೆಲಸ. ಕಾಯಿ ದ್ರಾಕ್ಷಿಯ ಹಾಗೆ ಗೊಂಚಲು ಗೊಂಚಲು, ಮೇಲಿನ ಸಿಪ್ಪೆ ಗುಲಾಬಿ ಬಣ್ಣ. ಎರಡು ಬೆರಳಲ್ಲಿ ಒತ್ತಿದಾಗ ಸಿಪ್ಪೆ ಜಾರಿ ಕಳಚಿದರೆ ಬಲಿತಿದೆ ಅಂತ ಅರ್ಥ. ಕೆಳಗೆ ಬಲೆ ಹಾಸಿ, ಉದ್ದ ಕೋಲಿನಲ್ಲಿ ಕೊಂಬೆಗೆ ಹಗುರವಾಗಿ ಬಡಿಯಬೇಕು. ಅಡಿಕೆ ಕೊಯ್ಲು ನೋಡಿ ಬೆಳೆದ ನನಗೆ ಈ ಕೆಲಸ ಒಂದೇ ದಿನಕ್ಕೆ ಒಗ್ಗಿತು.

ಆದರೆ ಅಡಿಕೆಯ ಬುದ್ಧಿಯೇ ಒಮ್ಮೆ ಕೈಕೊಟ್ಟಿತು. ಎರಡನೇ ವರ್ಷ ನನ್ನ ಪಾಲಿಗೆ ಬಂದ ಚೀಲವನ್ನು ನಾಳೆ ಸುಲಿದರಾಯಿತು ಅಂತ ಮೂಲೆಯಲ್ಲಿಟ್ಟೆ. ಎರಡು ದಿನ ಕಳೆದು ನೋಡಿದರೆ ಒಳಗೆ ಬಿಸಿ, ಚಿಪ್ಪಿನ ತುಂಬಾ ಕಪ್ಪು ಕಲೆ, ಕೆಲವಕ್ಕೆ ಬೂಷ್ಟು. ಇಡೀ ಚೀಲ ಎಸೆಯಬೇಕಾಯಿತು. ತುಂಬಾ ಬೇಜಾರಾಯಿತು, ಅದು ಅವರ ಒಂದು ವರ್ಷದ ನೀರು, ದುಡಿಮೆ. ಪಿಸ್ತಾವನ್ನು ಕೊಯ್ದ ದಿನವೇ ಸುಲಿಯಬೇಕು. ಈಗ ಅದೇ ಸಂಜೆ ನಾವಿಬ್ಬರೂ ಬಕೆಟ್ ಹಿಡಿದು ಕೂರುತ್ತೇವೆ. ಸುಲಿದು ನೀರಿಗೆ ಹಾಕಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಮುಳುಗುತ್ತದೆ. ತಾರಸಿಯ ಮೇಲೆ ತೆಳ್ಳಗೆ ಹರಡಿ, ದಿನಕ್ಕೆರಡು ಸಲ ಕೈಯಾಡಿಸಿ, ಮೂರ್ನಾಲ್ಕು ಬಿಸಿಲು ಒಣಗಿಸುತ್ತೇನೆ. ಆಮೇಲೆ ಉಪ್ಪು, ನಿಂಬೆರಸದ ನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಹುರಿಯುವುದು. ಹುರಿಯದ, ಅರ್ಧ ಒಣಗಿದ ಪಿಸ್ತಾದ ರುಚಿಯೇ ಬೇರೆ. ಅದು ಅಂಗಡಿಯಲ್ಲಿ ಸಿಗುವುದಲ್ಲ.

ಅದೇ ತಾರಸಿಯ ಇನ್ನೊಂದು ಮೂಲೆಯಲ್ಲಿ ಬಿಳಿ ಬಟ್ಟೆಯ ಮೇಲೆ ತ್ರಹನಾ ಒಣಗುತ್ತದೆ. ಹುಳಿ ಬಂದ ಆಡಿನ ಹಾಲಿನಲ್ಲಿ ಗೋಧಿ ನುಚ್ಚು ಬೇಯಿಸಿ, ಆರಿದ ಮೇಲೆ ಪುಡಿ ಮಾಡಿ ಒಣಗಿಸುತ್ತಾರೆ, ಚಳಿಗಾಲದ ಗಂಜಿಗೆ. ಮಳೆ ಹಿಡಿಯುವ ಮುಂಚೆ ಅಮ್ಮ ಹಲಸಿನ ಹಪ್ಪಳ ಹಾಕುತ್ತಿದ್ದ ಅದೇ ಅವಸರ. ಹಕ್ಕಿ ಕಾಯುವ ಕೆಲಸ ನನ್ನದು.

ಸೆಪ್ಟೆಂಬರ್ ಹತ್ತಿರ ಬರುತ್ತಿದ್ದಂತೆ ದಾರಿಯಲ್ಲಿ ಸಿಕ್ಕವರೆಲ್ಲ "ಕಲೋ ಹಿಮೋನ" ಅನ್ನಲು ಶುರುಮಾಡುತ್ತಾರೆ. ಒಳ್ಳೆಯ ಚಳಿಗಾಲ ಸಿಗಲಿ ಅಂತ. ಬೆವರು ಇಳಿಯುತ್ತಿರುತ್ತದೆ, ಆದರೂ ಅನ್ನುತ್ತಾರೆ. ಈ ಹಿಮೋನ ನಮ್ಮ ಹಿಮ, ಹೇಮಂತಗಳ ನೆಂಟ.

ಸೆಪ್ಟೆಂಬರ್ 14ರಂದು ಕಿಪ್ಸೆಲಿ ಅನ್ನುವ ಊರಿಗೆ ಹೋಗುತ್ತೇವೆ. ಅಲ್ಲಿ ಲಿದಿನೋಸ್ ಅನ್ನುವ ಹುಲ್ಲಿನ ಗೊಂಬೆಗೆ ಶವಯಾತ್ರೆ ಮಾಡುತ್ತಾರೆ. ಹೆಂಗಸರು ಹಾಡಿ ಅಳುತ್ತಾರೆ, ಮಣ್ಣು ಮಾಡುತ್ತಾರೆ. ಆ ಹೆಸರು ದಿಲಿನೊದಿಂದಲೇ ಬಂದದ್ದು. ಹಗಲು ಚಿಕ್ಕದಾಯಿತು, ಇಳಿಹೊತ್ತಿನ ಊಟ ಇನ್ನು ವಸಂತದ ತನಕ ಇಲ್ಲ. ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಮೊದಲ ಸಲ ನೋಡಿದಾಗ ನನ್ನ ಕಣ್ಣಲ್ಲೂ ನೀರು ಬಂತು.

ಕಳೆದ ವರ್ಷ ಅಲ್ಲಿಂದ ಬರುವಾಗ ಯಾಯಾ ನನ್ನನ್ನು ಕೊಲೋನದ ಹತ್ತಿರವೇ ಬಸ್ಸಿನಿಂದ ಇಳಿಸಿದರು. "ಬಾ, ಪೆದಿ ಮು, ನೀರು ಇನ್ನೂ ಬೆಚ್ಚಗಿದೆ" ಅಂದರು. ಪೆದಿ ಮು ಅಂದರೆ ನನ್ನ ಮಗು. ಸೂರ್ಯ ಆಗಲೇ ಮುಳುಗುತ್ತಿದ್ದ. ಅದು ನನ್ನ 57ನೇ ಸ್ನಾನ.